ಅಮೆರಿಕದಿಂದ ಬಂದ ನಾಲ್ಕು ವರ್ಷದ ಮಗು, ಮೊಣಕಾಲ ಹಿಂದೆ ಹರಡುತ್ತಿರುವ ಕೆಂಪು: ಲೈಮ್ ಇರಬಹುದಾ?

ಬೆಟ್ಟದಂಚು, ಶಿರಸಿ
ತಂಗಿ ಮತ್ತು ಅವಳ ನಾಲ್ಕು ವರ್ಷದ ಮಗ ಕನೆಕ್ಟಿಕಟ್‌ನಿಂದ ಮೇ ಕೊನೆಗೆ ಊರಿಗೆ ಬಂದಿದ್ದಾರೆ. ಕಳೆದ ವಾರ ಸ್ನಾನ ಮಾಡಿಸುವಾಗ ಅವನ ಎಡ ಮೊಣಕಾಲ ಹಿಂದೆ ಒಂದು ಕೆಂಪು ಕಲೆ ಕಂಡಿತು. ಆಗ ನಾಣ್ಯದಷ್ಟಿತ್ತು, ಈಗ ನನ್ನ ಅಂಗೈ ಅಗಲ. ತಂಗಿ ಪೆನ್ನಿನಲ್ಲಿ ಅಂಚಿಗೆ ಗೆರೆ ಎಳೆದಿಟ್ಟಿದ್ದಳು. ಮರುದಿನ ನೋಡಿದರೆ ಕೆಂಪು ಗೆರೆ ದಾಟಿದೆ. ತುರಿಕೆ ಇಲ್ಲ, ನೋವಿಲ್ಲ, ಹೊಟ್ಟು ಏಳುತ್ತಿಲ್ಲ. ನಿನ್ನೆ ರಾತ್ರಿ ಮೈ ಸ್ವಲ್ಪ ಬಿಸಿ ಇತ್ತು, ಇವತ್ತು ಆಟಕ್ಕೆ ಕರೆದರೂ ಏಳುತ್ತಿಲ್ಲ.

ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ಅಲರ್ಜಿ ಅಂತ ಸಿಟ್ರಿಜಿನ್ ಕೊಟ್ಟರು. ಮೆಡಿಕಲ್ ಶಾಪಿನವರು ಹುಳುಕಡ್ಡಿ ಅಂತ ಒಂದು ಟ್ಯೂಬ್ ಕೊಟ್ಟಿದ್ದಾರೆ, ಇನ್ನೂ ಹಚ್ಚಿಲ್ಲ. ಭಾವ ಅಲ್ಲಿಂದ ಫೋನ್ ಮಾಡಿ ಇದು ಲೈಮ್ (ಅಲ್ಲಿ ಉಣುಗು, ಅಂದರೆ ಉಣ್ಣಿ, ಕಚ್ಚಿ ಬರುವ ಬ್ಯಾಕ್ಟೀರಿಯಾ ಕಾಯಿಲೆ), ಕೂಡಲೇ ಆಂಟಿಬಯಾಟಿಕ್ ಶುರು ಮಾಡಿ ಅನ್ನುತ್ತಿದ್ದಾರೆ. ಅಪ್ಪ ಮಂಗನ ಕಾಯಿಲೆ ಅಂತ ಹೆದರಿ ಕೂತಿದ್ದಾರೆ, ಯಾಕೆಂದರೆ ಅದೂ ಉಣುಗಿನಿಂದಲೇ ಬರುವುದು, ಮಗು ಬಂದ ದಿನದಿಂದ ಕೊಟ್ಟಿಗೆಯಲ್ಲಿ, ಕರುವಿನ ಹಿಂದೆಯೇ. ಕೊಟ್ಟಿಗೆಗೆ ಬೆಟ್ಟದ ದರಕು (ಉದುರಿದ ಒಣ ಎಲೆ) ಹಾಸಿದೆ. ಉಣುಗು ಕಚ್ಚಿದ್ದನ್ನು ಯಾರೂ ನೋಡಿಲ್ಲ. ಯಾರ ಮಾತು ಕೇಳೋದು?

ಹೆಬ್ಬಾಗಿಲು
ಹುಳುಕಡ್ಡಿಯೇ. ಮಳೆ ಶುರುವಾದ ಕೂಡಲೇ ನಮ್ಮ ಕಡೆ ಅರ್ಧ ಊರಿಗೆ ಇರುತ್ತದೆ. ಹೆದ್ರಡ ತಮಾ, ಟ್ಯೂಬ್ ಹಚ್ಚು.

ಔಷಧಿ ಅಂಗಡಿ, ಯಲ್ಲಾಪುರ
ದಯವಿಟ್ಟು ಹಚ್ಚಬೇಡಿ. ನಾನೂ ಅಂಗಡಿ ನಡೆಸುವವನೇ, ಅದಕ್ಕೇ ಹೇಳುತ್ತಿದ್ದೇನೆ. ಟ್ಯೂಬಿನ ಹಿಂಬದಿ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಬರೆದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಹಚ್ಚಿದರೆ ಕೆಂಪು ಇಳಿದಂತೆ ಕಾಣುತ್ತದೆ, ಕಲೆಯ ಆಕಾರ ಕೆಡುತ್ತದೆ. ಆಮೇಲೆ ಎಂಥ ಚರ್ಮದ ಡಾಕ್ಟರಿಗೆ ತೋರಿಸಿದರೂ ಅದು ಮೊದಲು ಏನಾಗಿತ್ತು ಅಂತ ಹೇಳಲು ಕಷ್ಟ. ಹುಳುಕಡ್ಡಿಗೆ ಸಾಮಾನ್ಯವಾಗಿ ತುರಿಕೆ ಇರುತ್ತದೆ, ಅಂಚು ಉಬ್ಬಿ ಹೊಟ್ಟು ಏಳುತ್ತದೆ, ಹರಡುವುದು ನಿಧಾನ. ನೀವು ಹೇಳುತ್ತಿರುವುದರಲ್ಲಿ ಇದ್ಯಾವುದೂ ಇಲ್ಲ.

ಕೊಡಚಾದ್ರಿ ಗಾಳಿ
ಇಂಡಿಯಾದಲ್ಲಿ ಲೈಮ್ ಇಲ್ಲ. ಅಮೆರಿಕದಲ್ಲಿರುವವರಿಗೆ ಗೂಗಲ್ ನೋಡಿ ಊರಿನವರನ್ನು ಹೆದರಿಸುವುದೇ ಕೆಲಸ.

ಘಟ್ಟದ ಕೆಳಗೆ, ಈಗ ನ್ಯೂಜೆರ್ಸಿ
ಮಗುವಿಗೆ ಇಂಡಿಯಾದಲ್ಲೇ ಕಚ್ಚಿದೆ ಅಂತ ಯಾರು ಹೇಳಿದರು? ಆ ರೋಗದ ಹೆಸರೇ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನದು. 1970ರ ದಶಕದಲ್ಲಿ ಅಲ್ಲಿನ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಮೊಣಕಾಲು ಊದತೊಡಗಿತು. ತಾಯಂದಿರು ಬೆನ್ನು ಹತ್ತಿದ್ದರಿಂದಲೇ ವೈದ್ಯರು ತನಿಖೆಗೆ ಇಳಿದಿದ್ದು. ಬ್ಯಾಕ್ಟೀರಿಯಾ ಸಿಕ್ಕಿದ್ದು 1982ರ ಹೊತ್ತಿಗೆ, ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಗೆ. ಅದಕ್ಕೇ ಅದರ ಹೆಸರು ಬೊರೆಲಿಯಾ ಬರ್ಗ್‌ಡಾರ್ಫೆರಿ.

ನಾನು ಕುಮಟಾದವನು, ಇಲ್ಲಿ ಎರಡು ಮಕ್ಕಳು. ಮಗಳಿಗೆ ಐದು ವರ್ಷವಿದ್ದಾಗ ಕಂಕುಳ ಹತ್ತಿರ ಇಂಥದೇ ಕಲೆ ಬಂತು. ನಾವು ನೆಟ್‌ನಲ್ಲಿ ನೋಡಿದ ಚಿತ್ರಗಳಲ್ಲಿ ನಡುವೆ ಕೆಂಪು, ಸುತ್ತ ಬಿಳಿ, ಆಮೇಲೆ ಮತ್ತೆ ಕೆಂಪು ಬಳೆ. ಅವಳದು ಹಾಗಿರಲೇ ಇಲ್ಲ, ಪೂರ್ತಿ ಒಂದೇ ಕೆಂಪು. ಅದಕ್ಕೇ ಲೈಮ್ ಅಲ್ಲ ಅಂದುಕೊಂಡಿದ್ದೆವು. ಮಕ್ಕಳ ಡಾಕ್ಟರು ನೋಡಿದ ಕೂಡಲೇ ಹೇಳಿದ್ದು ಏನೆಂದರೆ, ಬಹಳ ಜನರಿಗೆ ಆ ಬಳೆ ಮೂಡುವುದೇ ಇಲ್ಲ, ಅಂಚು ದಿನದಿನಕ್ಕೆ ಹೊರಗೆ ಸರಿಯುವುದನ್ನು ನೋಡಬೇಕು. ಐದು ಸೆಂಟಿಮೀಟರಿಗಿಂತ ದೊಡ್ಡದಾಗಿದೆಯೇ ಅಂತ ಅಳೆದರು. ರಕ್ತ ತೆಗೆಯಲೇ ಇಲ್ಲ.

ಕಚ್ಚುವ ಉಣುಗು ಕಾಣುವುದಿಲ್ಲ ಅನ್ನುವುದನ್ನೂ ನಂಬಿ. ಮೇ, ಜೂನ್‌ನಲ್ಲಿ ಕಚ್ಚುವುದು ಅದರ ಮರಿ, ಗಸಗಸೆ ಕಾಳಿನಷ್ಟು. ಕಚ್ಚಿದ್ದು ನೆನಪಿಲ್ಲದವರೇ ಹೆಚ್ಚು. ಕಲೆ ಬರುವುದು ಕಚ್ಚಿದ 3 ದಿನದಿಂದ 30 ದಿನದೊಳಗೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸು. ನಿಮ್ಮ ತಂಗಿಯವರು ಹೊರಟ ತಾರೀಖಿಗೂ ಕಲೆ ಕಂಡ ತಾರೀಖಿಗೂ ತಾಳೆ ಹಾಕಿ.

ಬೆಟ್ಟದಂಚು, ಶಿರಸಿ
ಹೊರಡುವ ವಾರದ ಕೊನೆಗೆ ಅವರ ಮನೆ ಹಿಂದಿನ ಹುಲ್ಲುಗಾಡಿನಲ್ಲಿ ಪಿಕ್‌ನಿಕ್ ಮಾಡಿದ್ದರಂತೆ. ಅಲ್ಲಿ ಜಿಂಕೆಗಳು ಹಿತ್ತಲಿಗೇ ಬರುತ್ತವಂತೆ. ಲೆಕ್ಕ ಹಾಕಿದರೆ ಕಲೆ ಬಂದಿದ್ದು ಅದರ ಎರಡನೇ ವಾರ. ಆದರೆ ಅಪ್ಪ ಕೇಳುತ್ತಿಲ್ಲ. ಸಿದ್ದಾಪುರದಲ್ಲಿ ಆಗಿದ್ದು ನಿಮಗೆ ಗೊತ್ತಿಲ್ಲವಾ ಅನ್ನುತ್ತಾರೆ.

ದೊಡ್ಮನೆ ಸೀಮೆ, ಸಿದ್ದಾಪುರ
ನಿಮ್ಮ ಅಪ್ಪನ ಹೆದರಿಕೆಯನ್ನು ತಳ್ಳಿಹಾಕಬೇಡಿ. 2024ರಲ್ಲಿ ನಮ್ಮ ತಾಲೂಕಿನಲ್ಲಿ ಮಂಗನ ಕಾಯಿಲೆ ಬಂದಾಗ ಬೆಟ್ಟಕ್ಕೆ ಸೊಪ್ಪಿಗೆ ಹೋಗುವುದನ್ನೇ ಬಿಟ್ಟ ಮನೆಗಳಿವೆ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗ, ಇವತ್ತಿಗೂ ಅದಕ್ಕೆ ಬೇರೆ ಮದ್ದಿಲ್ಲ. ಜ್ವರ ಇಳಿಸಬೇಕು, ನೀರಿನಂಶ ಕಾಯಬೇಕು, ರಕ್ತಸ್ರಾವ ಆಗುತ್ತದಾ ನೋಡಬೇಕು, ಅಷ್ಟೇ. ಹಳೆಯ ಲಸಿಕೆಯ ಪ್ರಯೋಜನ ಸಾಲದೆಂದು ಅದನ್ನೂ ನಿಲ್ಲಿಸಿದ್ದಾರೆ.

ಆದರೆ ನಾನು ಹತ್ತಿರದಿಂದ ನೋಡಿದ ಮಂಗನ ಕಾಯಿಲೆ ಹೀಗಿರಲಿಲ್ಲ. ನಮ್ಮ ದೊಡ್ಡಪ್ಪನಿಗೆ ಬೆಳಿಗ್ಗೆ ಚೆನ್ನಾಗಿದ್ದ ಮೈಗೆ ಮಧ್ಯಾಹ್ನ ಚಳಿಜ್ವರ. ತಲೆ ಎತ್ತಲಾಗದಷ್ಟು ನೋವು, ಸೊಂಟ, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು, ಕಣ್ಣು ಕೆಂಪು. ಮೈಮೇಲೆ ಹರಡುವ ಬಳೆಯಂಥದ್ದು ಏನೂ ಇರಲಿಲ್ಲ. ಜ್ವರ ಬಿಟ್ಟು ಎಲ್ಲಾ ಮುಗೀತು ಅಂದುಕೊಂಡ ಮೇಲೆ ಮತ್ತೆ ಬಂತು, ಆಗ ಮಾತು ತೊದಲುತ್ತಿತ್ತು. ಇನ್ನೊಂದು, ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಮಳೆ ಬಿದ್ದ ಮೇಲೆ ಕಡಿಮೆಯಾಗುತ್ತದೆ.

ಮಕ್ಕಳ ವೈದ್ಯ, ಕುಮಟಾ
ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು: ಮಗುವನ್ನು ಇವತ್ತೇ ಮಕ್ಕಳ ತಜ್ಞರಿಗೆ ತೋರಿಸಿ. ನಡುರಾತ್ರಿ ಹುಬ್ಬಳ್ಳಿಗೆ ಗಾಡಿ ಓಡಿಸುವ ತುರ್ತು ಇದರಲ್ಲಿಲ್ಲ. ಆದರೆ ಕತ್ತು ಬಗ್ಗಿಸಲಾಗದಂಥ ತಲೆನೋವು, ಬಿಡದ ವಾಂತಿ, ಮುಖದ ಒಂದು ಬದಿ ಜೋಲುವುದು, ತಲೆಸುತ್ತಿ ಬೀಳುವುದು, ಉಸಿರುಕಟ್ಟುವುದು, ಮೂಗು ಅಥವಾ ವಸಡಿನಲ್ಲಿ ರಕ್ತ, ಎಬ್ಬಿಸಿದರೂ ಏಳದ ಮಂಪರು, ಇದರಲ್ಲಿ ಯಾವುದೇ ಒಂದು ಕಂಡರೂ ನಾಳೆವರೆಗೆ ಕಾಯಬೇಡಿ.

ಎರಡನೆಯದು, ಒಳಗೆ ಹೋದ ಕೂಡಲೇ "ಅಲರ್ಜಿ ಆಗಿದೆ" ಅಂತಲೋ "ಲೈಮ್ ಆಗಿದೆ" ಅಂತಲೋ ಶುರು ಮಾಡಬೇಡಿ. ಮಗು ಎಲ್ಲಿತ್ತು, ಯಾವಾಗ ಇತ್ತು, ಕಲೆ ಯಾವತ್ತು ಕಂಡಿತು, ಎಷ್ಟಿದ್ದದ್ದು ಎಷ್ಟಾಯಿತು, ಇಷ್ಟನ್ನು ಹೇಳಿ. ಶಿರಸಿಯಲ್ಲಿ ಕೂತ ವೈದ್ಯರಿಗೆ ಲೈಮ್ ಮನಸ್ಸಿಗೆ ಬಾರದಿದ್ದರೆ ಅದು ಅವರ ಅಜ್ಞಾನವಲ್ಲ, ಇಲ್ಲಿನ ಮಗುವಿಗೆ ಅದು ಬರುವ ಸಾಧ್ಯತೆಯೇ ತೀರಾ ಕಡಿಮೆ. ಆದರೆ "ಕನೆಕ್ಟಿಕಟ್, ಮೇ ತಿಂಗಳು, ಹುಲ್ಲುಗಾಡು" ಅಂದ ಕೂಡಲೇ ಲೆಕ್ಕ ಪೂರಾ ಬದಲಾಗುತ್ತದೆ. ಮೊದಲ ಕ್ಲಿನಿಕ್‌ನಲ್ಲಿ ಇದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ ಅಂತ ನನ್ನ ಊಹೆ.

ಗೆರೆ ಎಳೆದಿದ್ದು ಬಹಳ ಒಳ್ಳೆಯ ಕೆಲಸ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಗಲು ಬೆಳಕಿನಲ್ಲಿ ದಿನಾ ಒಂದು ಫೋಟೋ ತೆಗೆಯಿರಿ. ನಮ್ಮ ಮಕ್ಕಳ ಕಂದು ಮೈಬಣ್ಣದ ಮೇಲೆ ಈ ಕಲೆ ಪಠ್ಯಪುಸ್ತಕದಲ್ಲಿದ್ದಂತೆ ಗುಲಾಬಿಯಾಗಿ ಕಾಣುವುದಿಲ್ಲ. ಮಾಸಿದ ನೇರಳೆ ಅಥವಾ ಕಂದಾಗಿ ಕಾಣಬಹುದು, ಹೀಗಾಗಿ ತಪ್ಪಿಹೋಗುತ್ತದೆ. ಪೂರ್ತಿ ಬಟ್ಟೆ ಬಿಚ್ಚಿಸಿ ನೋಡಿ, ಬೇರೆಡೆಯೂ ಸಣ್ಣ ಕಲೆಗಳು ಎದ್ದಿದ್ದರೆ ರೋಗ ರಕ್ತದಲ್ಲಿ ಹರಡಿದೆ ಎಂದರ್ಥ. ಉಣುಗು ಇನ್ನೂ ಎಲ್ಲಾದರೂ ಅಂಟಿಕೊಂಡಿದೆಯಾ, ಅದನ್ನೂ ನೋಡಿ. ಕೂದಲಂಚು, ಕಿವಿ ಹಿಂದೆ, ಕಂಕುಳು, ಹೊಕ್ಕಳು, ಚಡ್ಡಿಯ ಇಲಾಸ್ಟಿಕ್ ಸುತ್ತ, ತೊಡೆಸಂದು.

ಮೂರನೆಯದು ರಕ್ತ ಪರೀಕ್ಷೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಲೈಮ್ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ತಯಾರಾಗಲು ಕೆಲವು ವಾರ ಬೇಕು. ಕಲೆ ಹೊಸದಾಗಿ ಹರಡುತ್ತಿರುವಾಗ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ನೆಗೆಟಿವ್ ಬರುತ್ತದೆ, ರೋಗ ಇದ್ದರೂ. "ನೆಗೆಟಿವ್ ಬಂತಲ್ಲ" ಅಂತ ಮನೆಗೆ ಹೋದರೆ ತಿಂಗಳುಗಳ ಮೇಲೆ ಮೊಣಕಾಲು ಊದಿಕೊಂಡು ಬರಬಹುದು. ರೋಗ ಇರುವ ಪ್ರದೇಶದಿಂದ ಬಂದ ಮಗು, ಹರಡುತ್ತಿರುವ ಇಂಥ ಕಲೆ, ಎರಡೂ ಇದ್ದರೆ ಕಣ್ಣಲ್ಲಿ ನೋಡಿಯೇ ಚಿಕಿತ್ಸೆ ಶುರು ಮಾಡಬೇಕೆಂಬುದು ಅಲ್ಲಿನ ಮಾರ್ಗಸೂಚಿ.

ಔಷಧಿ ವಿಶೇಷದ್ದೇನಲ್ಲ. ಅಮಾಕ್ಸಿಸಿಲಿನ್, ತೂಕದ 1 ಕೆಜಿಗೆ ದಿನಕ್ಕೆ 50 ಮಿಲಿಗ್ರಾಂ, ಮೂರು ಸಲಕ್ಕೆ ಹಂಚಿ, 14 ದಿನ. ಇದನ್ನು ಬರೆಯುತ್ತಿರುವುದು ನಿಮ್ಮ ವೈದ್ಯರೊಂದಿಗೆ ಮಾತಾಡಲಿ ಅಂತ, ನೀವೇ ಅಂಗಡಿಯಿಂದ ತಂದು ಕುಡಿಸಲಿ ಅಂತಲ್ಲ. ಪೆನ್ಸಿಲಿನ್ ಅಲರ್ಜಿ ಇದೆಯಾ ಅಂತ ತಂಗಿಯವರನ್ನು ಮೊದಲು ಕೇಳಿ. ನಮ್ಮಲ್ಲಿ ಎಲ್ಲದಕ್ಕೂ ಬರೆಯುವ 3 ದಿನದ ಅಜಿತ್ರೋಮೈಸಿನ್ ಇದಕ್ಕೆ ಸಾಲದು.

ಘಟ್ಟದ ಕೆಳಗೆ, ಈಗ ನ್ಯೂಜೆರ್ಸಿ
ಡಾಕ್ಟ್ರೇ, ಇಲ್ಲಿ ಉಣುಗು ಕಚ್ಚಿದ ಕೂಡಲೇ ಒಂದೇ ಡೋಸ್ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ಲ. ಊರಲ್ಲೂ ಉಣುಗು ಕಚ್ಚಿದ ಮಕ್ಕಳಿಗೆ ಹಾಗೇ ಕೊಟ್ಟುಬಿಟ್ಟರೆ?

ಮಕ್ಕಳ ವೈದ್ಯ, ಕುಮಟಾ
ಬೇಡ. ಆ ಒಂದು ಡೋಸ್ ಅಲ್ಲೂ ಎಲ್ಲರಿಗೂ ಅಲ್ಲ. ಲೈಮ್ ಹೆಚ್ಚಿರುವ ಜಾಗ, ಲೈಮ್ ಹರಡುವ ಇಕ್ಸೋಡಿಸ್ ಜಾತಿಯ ಉಣುಗು, ಅದು ಸುಮಾರು 36 ಗಂಟೆಗಿಂತ ಹೆಚ್ಚು ಕಚ್ಚಿಕೊಂಡು ರಕ್ತ ಹೀರಿ ಉಬ್ಬಿರಬೇಕು, ತೆಗೆದು 72 ಗಂಟೆಯೊಳಗೆ ಕೊಡಬೇಕು. ಶಿರಸಿಯ ಉಣುಗಿನಿಂದ ನಮಗಿರುವ ದೊಡ್ಡ ಭಯ ಮಂಗನ ಕಾಯಿಲೆ. ಅದು ವೈರಸ್, ಡಾಕ್ಸಿ ಅದಕ್ಕೆ ಏನೂ ಮಾಡುವುದಿಲ್ಲ. ಇಲ್ಲಿ ಕಚ್ಚಿದ್ದರೆ ಉಣುಗನ್ನು ತೆಗೆದು, ತಾರೀಖು ಬರೆದಿಟ್ಟು, ಜ್ವರ ಬರುತ್ತದಾ ಕಾಯುವುದು. ಮಂಗನ ಕಾಯಿಲೆಯ ಜ್ವರ ಹೆಚ್ಚಾಗಿ 3ರಿಂದ 8 ದಿನದೊಳಗೆ ಬರುತ್ತದೆ. ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ "ಉಣುಗು ಕಚ್ಚಿತ್ತು" ಅಂತ ಬಾಯಿಬಿಟ್ಟು ಹೇಳಿದರೆ ರಕ್ತ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಜ್ವರದ ಮೊದಲ ದಿನಗಳಲ್ಲಿ ಕಳಿಸಿದರೇ ಅದರಲ್ಲಿ ಸಿಗುವುದು.

ಕೊಡಚಾದ್ರಿ ಗಾಳಿ
ಹಾಗಾದರೆ ನಾನು ಹೇಳಿದ್ದು ಸರಿಯೇ ಆಯಿತಲ್ಲ, ಇಂಡಿಯಾದಲ್ಲಿ ಇಲ್ಲ.

ಮಕ್ಕಳ ವೈದ್ಯ, ಕುಮಟಾ
"ಇಲ್ಲವೇ ಇಲ್ಲ" ಅನ್ನಲಾರೆ. ನಾಗರಹೊಳೆ, ಬಂಡೀಪುರ ಕಾಡಿನಲ್ಲಿ ಕೆಲಸ ಮಾಡುವವರ ರಕ್ತದಲ್ಲಿ ಆ ಪ್ರತಿಕಾಯಗಳು ಸಿಕ್ಕಿವೆ, ಅಲ್ಲೊಂದು ಇಲ್ಲೊಂದು ರೋಗಿಯ ವರದಿಯೂ ಇದೆ. ಆದರೆ ನಮ್ಮ ಜಿಲ್ಲೆಯ ಮಗುವಿಗೆ ಜ್ವರ ಬಂದರೆ ನಾನು ಮೊದಲು ಯೋಚಿಸುವುದು ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್, ಕಾಲ ನೋಡಿಕೊಂಡು ಮಂಗನ ಕಾಯಿಲೆ.

ಕಾಳಿ ದಂಡೆ, ಕಾರವಾರ
ಸ್ಕ್ರಬ್ ಟೈಫಸ್ ಹೆಸರು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅಕ್ಕನ ಮಗಳಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ವಾರ ಬಿಡದ ಜ್ವರ. ಟೈಫಾಯ್ಡ್ ಅಂದರು, ವೈರಲ್ ಅಂದರು. ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ಡಾಕ್ಟರಮ್ಮ ಮಗುವನ್ನು ಮಗ್ಗುಲು ಮಾಡಿ ಮೈಯೆಲ್ಲಾ ಹುಡುಕಿದರು. ತೊಡೆಸಂದಿನಲ್ಲಿ ಒಂದು ಕಪ್ಪು ಒಣಗಿದ ಚಕ್ಕೆ, ಸುತ್ತ ತೆಳು ಕೆಂಪು. ನೋವೂ ಇರಲಿಲ್ಲ, ಅದಕ್ಕೇ ಅವಳು ಹೇಳಿರಲಿಲ್ಲ. ನುಸಿಯಂಥ ಸಣ್ಣ ಹುಳ ಕಚ್ಚಿದ ಜಾಗವಂತೆ. ಡಾಕ್ಸಿ ಕೊಟ್ಟ ಎರಡನೇ ದಿನಕ್ಕೆ ಜ್ವರ ಇಳಿಯಿತು. ನನಗೆ ಆಶ್ಚರ್ಯ ಏನೆಂದರೆ ಅಷ್ಟು ದಿನ ಅಷ್ಟೊಂದು ಪರೀಕ್ಷೆ ಬರೆದವರು ಯಾರೂ ಅಂಗಿ ಎತ್ತಿ ನೋಡಿರಲಿಲ್ಲ.

ಹೆಬ್ಬಾಗಿಲು
ನಮ್ಮ ಕಾಲದಲ್ಲಿ ಉಣುಗಿಗೆ ಚಿಮಣಿ ಎಣ್ಣೆ ಒಂದು ಹನಿ, ಇಲ್ಲಾ ಊದುಬತ್ತಿ ತುದಿ ತಾಗಿಸುವುದು. ತಾನಾಗೇ ಬಿಟ್ಟು ಬೀಳುತ್ತಿತ್ತು. ಡಾಕ್ಟರೂ ಇರಲಿಲ್ಲ, ಪಿಸಿಆರೂ ಇರಲಿಲ್ಲ.

ದನದ ಡಾಕ್ಟರು
ಅಕ್ಕಾ, ಬೀಳುತ್ತದೆ ನಿಜ, ಬೀಳುವ ಮೊದಲು ಎಂತ ಮಾಡುತ್ತದೆ ಅನ್ನುವುದೇ ವಿಷಯ. ಎಣ್ಣೆ, ಸುಣ್ಣ, ಬೆಂಕಿ ತಾಗಿದರೆ ಹೊಟ್ಟೆಯಲ್ಲಿದ್ದದ್ದನ್ನು ಕಚ್ಚಿದ ಗಾಯಕ್ಕೇ ಕಕ್ಕುವ ಸಂಭವ ಇರುತ್ತದೆ. ಮಗುವಿನ ಚರ್ಮ ಸುಡುವುದು ಬೇರೆ. ಹುಬ್ಬು ಕೀಳುವ ಪ್ಲಕರ್ ತೆಗೆದುಕೊಳ್ಳಿ, ಉಣುಗಿನ ಹೊಟ್ಟೆ ಹಿಡಿಯದೆ ಚರ್ಮಕ್ಕೆ ತಾಗಿ ಬಾಯಿಯ ಹತ್ತಿರ ಹಿಡಿಯಿರಿ, ತಿರುಚದೆ ಮೇಲಕ್ಕೆ ನಿಧಾನ ಒಂದೇ ಸಮ ಎಳೆಯಿರಿ. ಮುಳ್ಳಿನಂಥ ತುದಿ ಒಳಗೆ ಉಳಿದರೆ ಕೆದಕಬೇಡಿ, ತಾನೇ ಹೊರಬರುತ್ತದೆ. ಸಾಬೂನು ನೀರಲ್ಲಿ ತೊಳೆಯಿರಿ. ಉಗುರಲ್ಲಿ ಕುಕ್ಕುವ ಚಟ ನಮ್ಮವರಿಗೆಲ್ಲ ಇದೆ, ಅದು ಬಿಡಬೇಕು. ಫೋಟೋ ತೆಗೆದು, ಸ್ಪಿರಿಟ್‌ನಲ್ಲಿ ಮುಳುಗಿಸಿ ಕೊಲ್ಲಿ.

ಕೊಟ್ಟಿಗೆ ವಿಷಯ. ಹಸುವಿನ ಕೆಚ್ಚಲಲ್ಲಿ ಕಾಣುವ ಬೂದು ಬಣ್ಣದ ದಪ್ಪ ಉಣುಗು ಸಾಮಾನ್ಯವಾಗಿ ಒಂದೇ ದನದ ಮೇಲೆ ಬೆಳೆದು ಮುಗಿಸುವ ಜಾತಿ, ಮನುಷ್ಯರ ತಂಟೆಗೆ ಬರುವುದು ಅಪರೂಪ. ಮಂಗನ ಕಾಯಿಲೆಯದು ಬೇರೆ, ಹಿಮಾಫೈಸಾಲಿಸ್. ಅದರ ಮರಿ ಕಾಡಿನ ನೆಲದ ದರಕಿನಲ್ಲಿ ಇರುತ್ತದೆ, ದೊಡ್ಡದಾದ ಮೇಲೆ ದನಕ್ಕೆ ಹತ್ತುತ್ತದೆ. ಹಾಗಾಗಿ ಬೇಸಗೆಯಲ್ಲಿ ತಂದ ದರಕಿನ ರಾಶಿ ಮೇಲೆ ಮಕ್ಕಳನ್ನು ಹೊರಳಾಡಲು ಬಿಡಬೇಡಿ. ಕರುವಿನ ಜತೆ ಆಡಲಿ, ಸಂಜೆ ಬಚ್ಚಲಲ್ಲಿ ಮೈ ಹುಡುಕಿ ಬಿಸಿನೀರು ಹೊಯ್ಯಿರಿ, ಬಟ್ಟೆಯನ್ನೂ ಹಂಡೆಯ ಕುದಿನೀರಲ್ಲಿ ನೆನೆಸಿ.

ಬೆಟ್ಟದಂಚು, ಶಿರಸಿ
ಎಲ್ಲರಿಗೂ ಸುದ್ದಿ. ಮಕ್ಕಳ ತಜ್ಞರಿಗೆ ತೋರಿಸಿದೆವು. ಎಲ್ಲಿತ್ತು, ಯಾವಾಗ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಫೋಟೋಗಳನ್ನು ಸಾಲಾಗಿ ನೋಡಿದರು, ಟೇಪ್ ಹಿಡಿದು ಅಳೆದರು, 11 ಸೆಂಟಿಮೀಟರ್. ಬೇರೆ ಕಡೆ ಕಲೆ ಇಲ್ಲ, ಎದೆಬಡಿತ ಸರಿ ಇದೆ, ಮೊಣಕಾಲಲ್ಲಿ ನೀರಿಲ್ಲ. "ನನ್ನ ಸರ್ವಿಸಲ್ಲಿ ಲೈಮ್ ನೋಡಿಲ್ಲ, ಆದರೆ ಇದು ಅದಲ್ಲ ಅನ್ನೋದಕ್ಕೂ ಕಾರಣ ಕಾಣ್ತಿಲ್ಲ" ಅಂದರು. ಭಾವ ಅಲ್ಲಿನ ಮಕ್ಕಳ ಡಾಕ್ಟರಿಂದ ಬರೆಸಿ ಕಳಿಸಿದ್ದನ್ನೂ ಓದಿದರು. ಅಮಾಕ್ಸಿಸಿಲಿನ್ ಶುರುವಾಗಿದೆ. ಅಪ್ಪನ ಸಮಾಧಾನಕ್ಕೆ ಪ್ಲೇಟ್‌ಲೆಟ್, ಬಿಳಿರಕ್ತಕಣ ನೋಡಿದರು, ಎರಡೂ ಸರಿ.

ಮೊದಲ ಡೋಸ್ ಕೊಟ್ಟ ರಾತ್ರಿ ಜ್ವರ ಏರಿತು, ಕಲೆ ಇನ್ನೂ ಕೆಂಪಾಯಿತು. ಮನೆಯಲ್ಲಿ ಮತ್ತೆ ಗಲಾಟೆ, ಔಷಧಿ ಹಿಡಿಸಲಿಲ್ಲ ಅಂತ. ಬೆಳಿಗ್ಗೆ ಇಳಿದಿತ್ತು.

ಮಕ್ಕಳ ವೈದ್ಯ, ಕುಮಟಾ
ರೋಗಾಣು ಒಮ್ಮೆಲೇ ಸಾಯುವಾಗ ಮೊದಲ ಒಂದು ದಿನ ಕೆಲವರಿಗೆ ಹೀಗಾಗುತ್ತದೆ. ನಿಲ್ಲಿಸಬೇಡಿ. ಮೈತುಂಬ ಗಂಧೆ ಎದ್ದರೆ, ತುಟಿ ಊದಿದರೆ, ಉಸಿರಿಗೆ ಕಷ್ಟವಾದರೆ ಅದು ಬೇರೆ, ಅದು ಔಷಧಿಯ ಅಲರ್ಜಿ, ಕೂಡಲೇ ಆಸ್ಪತ್ರೆಗೆ.

ಬೆಟ್ಟದಂಚು, ಶಿರಸಿ
ಇನ್ನೆರಡು ಪ್ರಶ್ನೆ. ನನ್ನ ಮಗಳು ಅವನ ಜತೆ ಒಂದೇ ಹಾಸಿಗೆಯಲ್ಲಿ ಮಲಗುತ್ತಾಳೆ, ಅಂಟುತ್ತದಾ? ಮತ್ತೆ, ಕೋರ್ಸ್ ಮುಗಿದ ಮೇಲೆ ಗುಣವಾಗಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕಾ?

ಮಕ್ಕಳ ವೈದ್ಯ, ಕುಮಟಾ
ಅಂಟುವುದಿಲ್ಲ, ಉಣುಗಿನ ಮೂಲಕವೇ ಬರಬೇಕು. ಪರೀಕ್ಷೆ ಬೇಡ. ಪ್ರತಿಕಾಯ ಗುಣವಾದ ಮೇಲೂ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು, ಪಾಸಿಟಿವ್ ನೋಡಿ ಮತ್ತೆ ಮತ್ತೆ ಆಂಟಿಬಯಾಟಿಕ್ ಕೊಡಿಸಿದ ತಂದೆತಾಯಿ ಇದ್ದಾರೆ. ಕಲೆ ಮಾಯವಾಗುತ್ತದಾ, ಮಗು ಮೊದಲಿನಂತೆ ಓಡುತ್ತದಾ ನೋಡಿ. ಮುಂದಿನ ತಿಂಗಳುಗಳಲ್ಲಿ ಮೊಣಕಾಲು ಊದಿದರೆ, ಮುಖ ವಾರೆಯಾದರೆ ಆಗ ಪರೀಕ್ಷೆಗೆ ಅರ್ಥ ಇದೆ. ಬೇಗ ಶುರು ಮಾಡಿದ ಮಕ್ಕಳಲ್ಲಿ ಬಹುತೇಕರು ಪೂರ್ತಿ ಗುಣವಾಗುತ್ತಾರೆ.

ಔಷಧಿ ಅಂಗಡಿ, ಯಲ್ಲಾಪುರ
ಒಂದು ಅಂಗಡಿ ಮಾತು. ಡ್ರೈ ಸಿರಪ್‌ಗೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆವರೆಗೆ ಹಾಕಿ, ಪ್ರತಿ ಸಲ ಅಲ್ಲಾಡಿಸಿ. ಕಲಸಿದ ಮೇಲೆ ಎಷ್ಟು ದಿನ ಇಡಬಹುದು ಅಂತ ಮೇಲೆ ಬರೆದಿರುತ್ತದೆ, ಹೆಚ್ಚಿನವು ಒಂದು ವಾರ. 14 ದಿನಕ್ಕೆ ಒಂದೇ ಬಾಟಲಿ ಸಾಲದು, ಎಲ್ಲವನ್ನೂ ಒಟ್ಟಿಗೆ ಕಲಸಿಡಲೂಬೇಡಿ. ಮಳೆಗೆ ಕರೆಂಟ್ ಹೋಗಿ ಫ್ರಿಜ್ ಎರಡು ದಿನ ನಿಂತಿದ್ದರೆ ಹಳೆಯದನ್ನು ಚೆಲ್ಲಿ ಹೊಸದು ಕಲಸಿ. ಟೀ ಚಮಚದಲ್ಲಿ ಅಳೆಯಬೇಡಿ, ಮುಚ್ಚಳದ ಗುರುತು ಅಥವಾ ಸೂಜಿಯಿಲ್ಲದ ಸಿರಿಂಜ್.

ಘಟ್ಟದ ಕೆಳಗೆ, ಈಗ ನ್ಯೂಜೆರ್ಸಿ
ಔಷಧಿ ಚೀಟಿಯ ಫೋಟೋ, ಶುರು ಮಾಡಿದ ತಾರೀಖು, ತೂಕ, ಡೋಸ್, ಕಲೆಯ ಫೋಟೋಗಳು, ಎಲ್ಲ ಒಂದೇ ಕಡೆ ಇಟ್ಟು ತಂಗಿಯವರ ಕೈಗೆ ಕೊಡಿ. ಇಲ್ಲಿ ವಾಪಸ್ ಬಂದ ಮೇಲೆ ಮಕ್ಕಳ ಡಾಕ್ಟರು ಮೊದಲು ಕೇಳುವುದು ಅದನ್ನೇ. ನಿಮ್ಮ ಭಾವನವರು ಅಷ್ಟರಲ್ಲಿ ಹಿತ್ತಲಿನ ಹುಲ್ಲು ಕತ್ತರಿಸಿ, ಎಲೆರಾಶಿ ತೆಗೆಸಿ, ಕಾಡಿನಂಚಿಗೂ ಆಟದ ಜಾಗಕ್ಕೂ ನಡುವೆ ಮೂರಡಿ ಅಗಲ ಮರದ ಚಕ್ಕೆ ಅಥವಾ ಜಲ್ಲಿ ಹಾಕಿಸಲಿ. ಒಣಗಿದ ಬಯಲನ್ನು ಉಣುಗು ದಾಟುವುದು ಕಡಿಮೆ. ನಾಯಿ ಇದ್ದರೆ ಅದಕ್ಕೂ ಉಣುಗಿನ ಔಷಧಿ ಆಗಬೇಕು, ನಮ್ಮ ಮನೆಗೆ ಉಣುಗು ಬಂದಿದ್ದು ನಾಯಿಯ ಮೈಮೇಲೆಯೇ.